ಶೀತ ಪ್ರದೇಶದ ಹಿತ್ತಲ ಕೊಳದಲ್ಲಿ ಗೋಲ್ಡ್‌ಫಿಶ್: ಜೊತೆ ಮೀನುಗಳ ಆಯ್ಕೆ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಸರೋವರಗಳ ಸುತ್ತಲಿನ ಪ್ರದೇಶದಲ್ಲಿ, ವಿಶೇಷವಾಗಿ ಅಮೆರಿಕದ ಮಿನ್ನೆಸೋಟ ಹಾಗೂ ಮಿಷಿಗನ್ ರಾಜ್ಯಗಳಲ್ಲಿ ಮತ್ತು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಮನೆಯ ಹಿತ್ತಲಿನಲ್ಲಿ ಚಿಕ್ಕ ಕೊಳವನ್ನು ನಿರ್ಮಿಸಿ ಗೋಲ್ಡ್‌ಫಿಶ್ ಸಾಕುವುದು ಬಹುಕಾಲದಿಂದ ರೂಢಿಯಲ್ಲಿದೆ. ಆ ಭಾಗಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಈ ಹವ್ಯಾಸ ಅಪರಿಚಿತವಲ್ಲ. ಆದರೆ ಕರ್ನಾಟಕದ ಕೆರೆ, ಕಲ್ಯಾಣಿಗಳು ಎಂದಿಗೂ ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಇಲ್ಲಿಂದ ಹೋದವರಿಗೆ ಮಂಜುಗಡ್ಡೆಯ ಅಡಿಯಲ್ಲಿ ತಿಂಗಳುಗಟ್ಟಲೆ ಇರುವ ಕೊಳದ ನಿರ್ವಹಣೆ ಹೊಸ ವಿಷಯವೇ ಸರಿ.

ಗೋಲ್ಡ್‌ಫಿಶ್ ಜೊತೆಗೆ ಬೇರೆ ಯಾವ ಜಲಚರಗಳನ್ನು ಬಿಡಬಹುದು, ಯಾವುದನ್ನು ಬಿಡಬಾರದು, ಅದಕ್ಕೆ ಕಾರಣಗಳೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಕೊಳ ನಿರ್ಮಾಣಕ್ಕೆ ಅಥವಾ ಮೀನು ಸಾಕಣೆಗೆ ಸ್ಥಳೀಯ ಆಡಳಿತದಿಂದ ಅನುಮತಿ ಪಡೆಯಬಯಸುವವರು ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

1. ಹೊಂದಾಣಿಕೆ ಎಂದರೇನು?

ಜೊತೆ ಮೀನುಗಳನ್ನು ಆರಿಸುವಾಗ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ಒಂದೇ: ಇವು ಪರಸ್ಪರ ಕಚ್ಚಾಡುವುದಿಲ್ಲವೇ? ಬಿಸಿ ಮಾಡಿದ ಗಾಜಿನ ತೊಟ್ಟಿಯ ಮಟ್ಟಿಗೆ ಈ ಪ್ರಶ್ನೆ ಬಹುಮಟ್ಟಿಗೆ ಸಾಕಾಗಬಹುದು. ಶೀತ ಪ್ರದೇಶದ ತೆರೆದ ಕೊಳಕ್ಕೆ ಇದು ಸಾಲದು. ಜುಲೈ ತಿಂಗಳಲ್ಲಿ ಜೊತೆಯಾಗಿ ಶಾಂತವಾಗಿ ಈಜುವ ಎರಡು ಮೀನುಗಳ ಪೈಕಿ ಒಂದು ಜನವರಿಯಲ್ಲಿ ಸಾಯಬಹುದು. ಅದರ ಕೊಳೆತ ದೇಹ ಉಳಿದವುಗಳ ಜೀವಕ್ಕೂ ಸಂಚಕಾರ ತರಬಹುದು. ಆದುದರಿಂದ ಪ್ರತಿಯೊಂದು ಮೀನನ್ನೂ ಈ ಕೆಳಕಂಡ ನಾಲ್ಕು ಅಂಶಗಳಿಂದ ಪರಿಶೀಲಿಸತಕ್ಕದ್ದು.

(ಅ) ಶೀತ ಸಹಿಷ್ಣುತೆ: ನೀರಿನ ಉಷ್ಣಾಂಶ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕೆಳಗೆ ಇಳಿದು ಹಲವು ವಾರ ಹಾಗೆಯೇ ಉಳಿದಾಗ ಆ ಮೀನು ಬದುಕಬಲ್ಲುದೇ?

(ಆ) ಆಮ್ಲಜನಕದ ಅಗತ್ಯ: ಮಂಜುಗಡ್ಡೆ ಮುಚ್ಚಿದ ಕೊಳದಲ್ಲಿ ಆಮ್ಲಜನಕ ಕಡಿಮೆಯಾದಾಗ ತಾಳಿಕೊಳ್ಳಬಲ್ಲುದೇ?

(ಇ) ಗಾತ್ರ ಮತ್ತು ಆಹಾರ: ಪೂರ್ಣ ಬೆಳೆದಾಗ ಅದು ಗೋಲ್ಡ್‌ಫಿಶ್‌ನ ಬಾಯಿಗೆ ಸಿಗುವಷ್ಟು ಚಿಕ್ಕದೇ, ಅಥವಾ ಗೋಲ್ಡ್‌ಫಿಶ್ ಅದರ ಬಾಯಿಗೆ ಸಿಗುವುದೇ?

(ಈ) ಹೊರಗಿನ ಪರಿಸರ: ಅದು ಕೊಳದಿಂದ ತಪ್ಪಿಸಿಕೊಂಡು ಹೊಳೆ, ಸರೋವರ ಸೇರಿದರೆ ಆಗುವ ಪರಿಣಾಮವೇನು? ಅದನ್ನು ಸಾಕಲು ಕಾನೂನಿನ ಅವಕಾಶವಿದೆಯೇ?

ಈ ನಾಲ್ಕರಲ್ಲಿ ಯಾವುದಾದರೂ ಒಂದಕ್ಕೆ ಸಮಾಧಾನಕರ ಉತ್ತರ ದೊರೆಯದಿದ್ದರೆ ಆ ಮೀನನ್ನು ಕೈಬಿಡುವುದೇ ಕ್ಷೇಮ.

2. ಮಂಜುಗಡ್ಡೆಯ ಅಡಿಯಲ್ಲಿ ಕೊಳದ ಸ್ಥಿತಿ

ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಅತ್ಯಧಿಕ ಸಾಂದ್ರತೆ ಹೊಂದಿರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆ ನಿಂತು ಹೆಪ್ಪುಗಟ್ಟುತ್ತದೆ. ಸಾಕಷ್ಟು ಆಳವಿರುವ ಕೊಳದಲ್ಲಿ ಮೇಲ್ಮೈ ಗಡ್ಡೆಯಾದರೂ ತಳದ ನೀರು ದ್ರವವಾಗಿಯೇ ಉಳಿಯುವುದಕ್ಕೆ ಇದೇ ಕಾರಣ. ಚಳಿಗಾಲದಲ್ಲಿ ಮೀನುಗಳು ಈ ತಳದ ಪದರದಲ್ಲಿ ಚಲನೆಯನ್ನು ತಗ್ಗಿಸಿ, ಆಹಾರ ಸೇವಿಸದೆ ಕಾಲ ಕಳೆಯುತ್ತವೆ. ತೀವ್ರ ಚಳಿಯ ಪ್ರದೇಶಗಳಲ್ಲಿ ಕೊಳದ ಒಂದು ಭಾಗವಾದರೂ 90 ರಿಂದ 120 ಸೆಂ.ಮೀ. ಆಳವಿರಬೇಕೆಂದು ಸಲಹೆ ನೀಡುವುದು ಈ ಕಾರಣಕ್ಕಾಗಿಯೇ.

ತಣ್ಣೀರು ಬಿಸಿ ನೀರಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯೊಡನೆ ಸಂಪರ್ಕವಿರುವ ಸಿಹಿನೀರಿನಲ್ಲಿ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದಾದರೆ, 0 ಡಿಗ್ರಿಯಲ್ಲಿ ಸುಮಾರು 14.6 ಮಿಲಿಗ್ರಾಂ ಕರಗಬಲ್ಲುದು. ಆದರೆ ಮೇಲ್ಮೈ ಪೂರ್ತಿಯಾಗಿ ಹೆಪ್ಪುಗಟ್ಟಿದರೆ ಗಾಳಿಯ ಸಂಪರ್ಕ ಕಡಿದುಹೋಗುತ್ತದೆ. ಗಡ್ಡೆಯ ಮೇಲೆ ಹಿಮ ಬಿದ್ದರೆ ಬೆಳಕೂ ಒಳಸೇರದೆ ಜಲಸಸ್ಯಗಳು ಆಮ್ಲಜನಕ ಉತ್ಪಾದಿಸಲಾರವು. ಇದೇ ಸಮಯದಲ್ಲಿ ತಳದಲ್ಲಿ ಕೊಳೆಯುವ ತರಗೆಲೆ ಹಾಗೂ ಆಹಾರದ ಉಳಿಕೆ ಇರುವ ಆಮ್ಲಜನಕವನ್ನು ಕಬಳಿಸಿ, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್‌ನಂತಹ ಅನಿಲಗಳನ್ನು ಬಿಡುಗಡೆ ಮಾಡುತ್ತವೆ. ಚಳಿಗಾಲದಲ್ಲಿ ಕೊಳದ ಮೀನುಗಳು ಸಾಯುವುದಕ್ಕೆ ಚಳಿಗಿಂತ ಈ ಉಸಿರುಗಟ್ಟುವಿಕೆಯೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣವಾಗಿರುತ್ತದೆ.

ಇದನ್ನು ತಪ್ಪಿಸಲು ಕೈಗೊಳ್ಳಬೇಕಾದ ಕ್ರಮಗಳು:

• ಶರತ್ಕಾಲದಲ್ಲಿ ಉದುರಿದ ಎಲೆಗಳನ್ನು ಬಲೆ ಹಾಕಿ ತಡೆಯುವುದು. ತಳದ ಕೆಸರನ್ನು ತೆಗೆಯುವುದು.
• ತೇಲುವ ವಿದ್ಯುತ್ ಸಾಧನದಿಂದ ಮಂಜುಗಡ್ಡೆಯಲ್ಲಿ ಒಂದು ಕಿಂಡಿ ಸದಾ ತೆರೆದಿರುವಂತೆ ನೋಡಿಕೊಳ್ಳುವುದು.
• ಗಾಳಿ ಊದುವ ಯಂತ್ರ ಬಳಸುವುದಾದರೆ ಅದರ ಕಲ್ಲನ್ನು ತಳದಲ್ಲಿ ಇಡದೆ ಮೇಲ್ಭಾಗದಲ್ಲಿ ಇಡುವುದು. ತಳದಿಂದ ಗುಳ್ಳೆ ಎಬ್ಬಿಸಿದರೆ ಬೆಚ್ಚಗಿನ ಪದರ ಮೇಲಿನ ತಣ್ಣೀರಿನೊಡನೆ ಬೆರೆತುಹೋಗುತ್ತದೆ.
• ಗಡ್ಡೆಯನ್ನು ಸುತ್ತಿಗೆ ಅಥವಾ ಕೊಡಲಿಯಿಂದ ಒಡೆಯಕೂಡದು. ಹೊಡೆತದ ಕಂಪನ ನೀರಿನಲ್ಲಿ ಹರಡಿ ಮೀನುಗಳಿಗೆ ಅಪಾಯ ಉಂಟುಮಾಡುತ್ತದೆ. ಬಿಸಿ ನೀರು ತುಂಬಿದ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟು ಕರಗಿಸಬಹುದು.

3. ಗೋಲ್ಡ್‌ಫಿಶ್‌ನ ಸ್ವಭಾವ

ಕರಾಸಿಯಸ್ ಆರಾಟಸ್ ಎಂಬ ವೈಜ್ಞಾನಿಕ ಹೆಸರಿನ ಈ ಮೀನು ಕಾರ್ಪ್ ಕುಟುಂಬಕ್ಕೆ ಸೇರಿದ್ದು, ಚೀನಾದಲ್ಲಿ ಸಾವಿರ ವರ್ಷಗಳಿಗೂ ಹಿಂದೆ ಸಾಕಣೆಗೆ ಒಳಪಟ್ಟಿತು. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮರಿ ಕೊಳದಲ್ಲಿ 25 ರಿಂದ 30 ಸೆಂ.ಮೀ.ವರೆಗೆ ಬೆಳೆಯಬಲ್ಲುದು, ಸರಿಯಾಗಿ ನೋಡಿಕೊಂಡರೆ ಹತ್ತರಿಂದ ಇಪ್ಪತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಆಮ್ಲಜನಕದ ಕೊರತೆಯನ್ನು ಎದುರಿಸುವಲ್ಲಿ ಇದರ ಸಾಮರ್ಥ್ಯ ಅಸಾಧಾರಣವಾದುದು. ಆಮ್ಲಜನಕ ದೊರೆಯದಿದ್ದಾಗ ಹೆಚ್ಚಿನ ಪ್ರಾಣಿಗಳ ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರಗೊಂಡು ಪ್ರಾಣಾಪಾಯ ಒದಗುತ್ತದೆ. ಗೋಲ್ಡ್‌ಫಿಶ್ ಮತ್ತು ಅದರ ಸಂಬಂಧಿಯಾದ ಕ್ರೂಶಿಯನ್ ಕಾರ್ಪ್ ಮೀನುಗಳು ಅದನ್ನು ಎಥೆನಾಲ್, ಅಂದರೆ ಮದ್ಯಸಾರವಾಗಿ ಪರಿವರ್ತಿಸಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತವೆ. ಈ ಪರಿವರ್ತನೆಗೆ ಕಾರಣವಾದ ಪ್ರೋಟೀನುಗಳ ವಿವರವನ್ನು ಆಸ್ಲೊ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಪ್ರಕಟಿಸಿದರು.

ಜೊತೆ ಮೀನಿನ ಆಯ್ಕೆಗೆ ಈ ಸಂಗತಿ ಬಹು ಮುಖ್ಯ. ಗೋಲ್ಡ್‌ಫಿಶ್ ಬದುಕಿ ಉಳಿದಿದೆ ಎಂದ ಮಾತ್ರಕ್ಕೆ ಕೊಳದ ನೀರು ಎಲ್ಲ ಮೀನುಗಳಿಗೂ ಯೋಗ್ಯವಾಗಿದೆ ಎಂದು ಭಾವಿಸಲಾಗದು. ಈ ಶಕ್ತಿ ಜೊತೆಗಾರ ಮೀನಿಗೆ ಇರುವುದಿಲ್ಲ. ಕೊಳದಲ್ಲಿ ಮೊದಲು ಸಾಯುವುದು ಜೊತೆಗಾರನೇ.

ಎಲ್ಲ ಗೋಲ್ಡ್‌ಫಿಶ್ ತಳಿಗಳೂ ಸಮಾನವಲ್ಲ ಎಂಬುದನ್ನೂ ಗಮನಿಸಬೇಕು. ಉದ್ದ ದೇಹದ ಸಾಮಾನ್ಯ ತಳಿ, ಕಾಮೆಟ್ ಮತ್ತು ಶುಬಂಕಿನ್ ತಳಿಗಳು ಚಳಿಗಾಲವನ್ನು ಕೊಳದಲ್ಲಿಯೇ ಕಳೆಯಬಲ್ಲವು. ದುಂಡು ದೇಹದ ಒರಾಂಡ, ರಾಂಚು, ಟೆಲಿಸ್ಕೋಪ್, ಬಬಲ್ ಐ ಮುಂತಾದ ಅಲಂಕಾರಿಕ ತಳಿಗಳು ನಿಧಾನವಾಗಿ ಈಜುತ್ತವೆ. ಆಹಾರದ ಪೈಪೋಟಿಯಲ್ಲಿ ಹಿಂದೆ ಬೀಳುವ ಇವು ತೀವ್ರ ಚಳಿಯನ್ನು ತಾಳಲಾರವು. ಇವುಗಳನ್ನು ಮನೆಯೊಳಗಿನ ತೊಟ್ಟಿಯಲ್ಲಿ ಸಾಕುವುದು ಉಚಿತ.

4. ಸೂಕ್ತವಾದ ಜೊತೆಗಾರರು

(1) ಅದೇ ಬಗೆಯ ಗೋಲ್ಡ್‌ಫಿಶ್: ಶೀತ ಪ್ರದೇಶದ ಕೊಳದಲ್ಲಿ ಗೋಲ್ಡ್‌ಫಿಶ್‌ಗೆ ಅತ್ಯಂತ ಸೂಕ್ತವಾದ ಸಂಗಾತಿ ಸಮಾನ ಗಾತ್ರದ, ಸಮಾನ ದೇಹರಚನೆಯ ಮತ್ತೊಂದು ಗೋಲ್ಡ್‌ಫಿಶ್. ಅವುಗಳ ಆಹಾರ, ಈಜುವ ವೇಗ, ಚಳಿಗಾಲದ ನಡವಳಿಕೆ ಎಲ್ಲವೂ ಒಂದೇ. ವೈವಿಧ್ಯ ಬೇಕೆನಿಸಿದವರು ಕೆಂಪು ಕಾಮೆಟ್, ಬಿಳಿ ಮತ್ತು ಕೆಂಪು ಮಿಶ್ರಿತ ಸರಾಸ, ನೀಲಿ ಹಾಗೂ ಕಪ್ಪು ಚುಕ್ಕೆಗಳ ಶುಬಂಕಿನ್ ಇವುಗಳನ್ನು ಒಟ್ಟಿಗೆ ಬಿಡಬಹುದು. ಕೊಳ ನೋಡಲು ಬಹುವರ್ಣಮಯವಾಗಿರುತ್ತದೆ. ಅಪಾಯ ಹೊಸದಾಗಿ ಏನೂ ಸೇರುವುದಿಲ್ಲ.

(2) ರೋಸಿ ರೆಡ್ ಮಿನ್ನೊ: ಇದು ಉತ್ತರ ಅಮೆರಿಕದ ಸ್ಥಳೀಯ ಮೀನಾದ ಫ್ಯಾಟ್‌ಹೆಡ್ ಮಿನ್ನೊವಿನ ತಿಳಿಗೆಂಪು ಬಣ್ಣದ ರೂಪ. ಚಳಿಯನ್ನು ಚೆನ್ನಾಗಿ ತಾಳುತ್ತದೆ. ಐದಾರು ಸೆಂ.ಮೀ.ಗಿಂತ ಹೆಚ್ಚು ದೊಡ್ಡದಾಗುವುದು ವಿರಳ. ಆಯುಸ್ಸೂ ಒಂದರಿಂದ ಮೂರು ವರ್ಷ ಮಾತ್ರ. ಗೋಲ್ಡ್‌ಫಿಶ್ ಇದರ ಮರಿಗಳನ್ನು ತಿನ್ನುವುದರಿಂದ ಸಂಖ್ಯೆ ಮಿತಿಯಲ್ಲಿರುತ್ತದೆ. ಇದನ್ನು ಬಹುತೇಕ ಕಡೆಗಳಲ್ಲಿ ದೊಡ್ಡ ಮೀನುಗಳ ಆಹಾರವಾಗಿ ಕಿಕ್ಕಿರಿದ ತೊಟ್ಟಿಗಳಲ್ಲಿ ಇಟ್ಟು ಮಾರುವುದರಿಂದ ರೋಗಾಣುಗಳಿರುವ ಸಾಧ್ಯತೆ ಅಧಿಕ. ಪ್ರತ್ಯೇಕವಾಗಿರಿಸಿ ಪರಿಶೀಲಿಸದೆ ಕೊಳಕ್ಕೆ ಬಿಡಕೂಡದು.

(3) ತಾವಾಗಿಯೇ ಬರುವ ಸ್ಥಳೀಯ ಕಪ್ಪೆಗಳು: ಇವುಗಳನ್ನು ಹಿಡಿದು ತರುವ ಅಗತ್ಯವಿಲ್ಲ, ತರಲೂಬಾರದು. ಬಂದಲ್ಲಿ ಇರಗೊಡಬಹುದು. ಗೋಲ್ಡ್‌ಫಿಶ್‌ಗಳು ಕಪ್ಪೆಯ ಮೊಟ್ಟೆ ಹಾಗೂ ಗೊದಮೊಟ್ಟೆಗಳನ್ನು ತಿನ್ನುವುದರಿಂದ, ಕಪ್ಪೆಗಳ ಸಂರಕ್ಷಣೆ ಉದ್ದೇಶವಾಗಿದ್ದರೆ ಮೀನಿಲ್ಲದ ಪ್ರತ್ಯೇಕ ಹೊಂಡ ಮಾಡುವುದು ಉತ್ತಮ.

5. ಷರತ್ತಿಗೆ ಒಳಪಟ್ಟು ಪರಿಗಣಿಸಬಹುದಾದವು

(1) ಕೊಯಿ: ಕೊಯಿ ಸಾಮಾನ್ಯ ಕಾರ್ಪ್ ಮೀನಿನ ಅಲಂಕಾರಿಕ ರೂಪ. ಶೀತ ಸಹಿಷ್ಣುತೆಯಲ್ಲಿ ಕೊರತೆಯಿಲ್ಲ. ಆದರೆ 60 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಬೆಳೆಯುವ ಈ ಮೀನಿಗೆ ಕನಿಷ್ಠ 4,000 ಲೀಟರಿನಷ್ಟಾದರೂ ನೀರು ಹಾಗೂ ಸಮರ್ಥ ಶೋಧಕ ವ್ಯವಸ್ಥೆ ಅಗತ್ಯ. ಆಹಾರದಲ್ಲಿ ಗೋಲ್ಡ್‌ಫಿಶ್ ಅನ್ನು ಹಿಂದಿಕ್ಕುತ್ತದೆ; ಬಾಯಿಗೆ ಸಿಗುವ ಮರಿಗಳನ್ನು ನುಂಗುತ್ತದೆ. ಎರಡೂ ಪರಸ್ಪರ ಸಂಕರಗೊಂಡು ಸಾಮಾನ್ಯವಾಗಿ ಬಂಜೆಯಾದ, ಮಂಕು ಬಣ್ಣದ ಮರಿಗಳು ಹುಟ್ಟುತ್ತವೆ. ಇವೆಲ್ಲಕ್ಕಿಂತ ಗಂಭೀರವಾದ ವಿಷಯ ಕೊಯಿ ಹರ್ಪಿಸ್ ವೈರಾಣು. 1998ರಿಂದ ಈಚೆಗೆ ಹಲವು ದೇಶಗಳಲ್ಲಿ ಕಾಣಿಸಿಕೊಂಡ ಈ ರೋಗ ನೀರಿನ ಉಷ್ಣಾಂಶ 16 ರಿಂದ 28 ಡಿಗ್ರಿ ಇರುವಾಗ ಕೊಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಲ್ಲುತ್ತದೆ. ಗೋಲ್ಡ್‌ಫಿಶ್ ತಾನು ಆರೋಗ್ಯವಾಗಿ ಕಾಣುತ್ತಲೇ ಈ ವೈರಾಣುವನ್ನು ಹೊತ್ತಿರಬಹುದು. ಆದುದರಿಂದ ಕೊಯಿ ಕೊಳಕ್ಕೆ ಗೋಲ್ಡ್‌ಫಿಶ್ ಸೇರಿಸುವಾಗಲೂ ಅಷ್ಟೇ ಎಚ್ಚರ ಬೇಕು.

(2) ಚಿನ್ನದ ಬಣ್ಣದ ಆರ್ಫ್: ಯೂರೋಪಿನ ಈ ಮೀನು ನೀರಿನ ಮೇಲ್ಭಾಗದಲ್ಲಿ ಗುಂಪಾಗಿ, ವೇಗವಾಗಿ ಈಜುತ್ತದೆ. ಅರ್ಧ ಮೀಟರಿನಷ್ಟು ಬೆಳೆಯಬಲ್ಲುದು. ನೀರಿನಿಂದ ಹೊರಕ್ಕೆ ಜಿಗಿಯುವ ಸ್ವಭಾವವಿದೆ. ಚಳಿಯನ್ನು ತಾಳಿದರೂ ಆಮ್ಲಜನಕದ ಕೊರತೆಯನ್ನು ತಾಳದು. ವಿಶಾಲವಾದ, ಸದಾ ಹರಿವಿರುವ ಕೊಳಗಳಿಗೆ ಮಾತ್ರ ಇದು ಯೋಗ್ಯ. ಸಾಮಾನ್ಯ ಹಿತ್ತಲ ಕೊಳಕ್ಕೆ ಅಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದರ ಸಾಕಣೆಗೆ ನಿರ್ಬಂಧವಿದೆ.

(3) ವೈಟ್ ಕ್ಲೌಡ್ ಮಿನ್ನೊ: ದಕ್ಷಿಣ ಚೀನಾ ಮೂಲದ ಈ ಪುಟ್ಟ ಮೀನು ತಂಪು ನೀರನ್ನು ತಾಳಿದರೂ ಹೆಪ್ಪುಗಟ್ಟುವ ಕೊಳದಲ್ಲಿ ಉಳಿಯಲಾರದು. ನಾಲ್ಕು ಸೆಂ.ಮೀ. ಉದ್ದದ ಈ ಮೀನನ್ನು ದೊಡ್ಡ ಗೋಲ್ಡ್‌ಫಿಶ್ ಸುಲಭವಾಗಿ ನುಂಗುತ್ತದೆ. ಬೇಸಿಗೆಯಲ್ಲಿ ಪ್ರತ್ಯೇಕ ತೊಟ್ಟಿಯಲ್ಲಿ ಇರಿಸಿ, ಶರತ್ಕಾಲದಲ್ಲಿ ಮನೆಯೊಳಗೆ ತರುವುದಾದರೆ ಮಾತ್ರ ಪರಿಗಣಿಸಬಹುದು.

6. ಸೇರಿಸಬಾರದ ಜಲಚರಗಳು

(1) ಪ್ಲೆಕೊ ಅಥವಾ ಸಕ್ಕರ್ ಮೀನು: ಪಾಚಿ ತಿನ್ನುತ್ತದೆ ಎಂಬ ಕಾರಣಕ್ಕೆ ಹಲವರು ಇದನ್ನು ಖರೀದಿಸುತ್ತಾರೆ. ಇದು ದಕ್ಷಿಣ ಅಮೆರಿಕದ ಉಷ್ಣವಲಯದ ಮೀನು. ಶೀತ ಪ್ರದೇಶದ ಕೊಳದಲ್ಲಿ ಶರತ್ಕಾಲವನ್ನೂ ದಾಟಲಾರದು. ಬದುಕಿರುವಷ್ಟು ಕಾಲ ಗೋಲ್ಡ್‌ಫಿಶ್‌ನ ಮೈಗೆ ಅಂಟಿಕೊಂಡು ಅದರ ರಕ್ಷಣಾ ಲೋಳೆಯನ್ನು ಹೀರಿ ಗಾಯಗೊಳಿಸುವುದೂ ಉಂಟು. ಭಾರತದ ಬೆಚ್ಚಗಿನ ನೀರಿನಲ್ಲಿ ಇದರ ಕಥೆ ಬೇರೆ. ಇಲ್ಲಿ ಬಿಟ್ಟರೆ ಸಾಯುವುದಿಲ್ಲ, ನೆಲೆಯೂರುತ್ತದೆ. ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಇದು ಈಗಾಗಲೇ ಆಕ್ರಮಣಕಾರಿ ಮೀನಾಗಿ ಪರಿಣಮಿಸಿದೆ.

(2) ಟೆಂಚ್: ತಳದಲ್ಲಿ ಶಾಂತವಾಗಿರುವ, ಕಡಿಮೆ ಆಮ್ಲಜನಕವನ್ನು ತಾಳುವ ಈ ಯೂರೋಪಿಯನ್ ಮೀನು ಮೊದಲ ಮೂರು ಪರೀಕ್ಷೆಗಳಲ್ಲಿ ಉತ್ತೀರ್ಣವಾಗುತ್ತದೆ. ಬ್ರಿಟನ್ನಿನ ಕೊಳಗಳಲ್ಲಿ ಇದು ಗೋಲ್ಡ್‌ಫಿಶ್‌ನ ಹಳೆಯ ಸಂಗಾತಿ. ನಾಲ್ಕನೆಯ ಪರೀಕ್ಷೆಯಲ್ಲಿ ಸೋಲುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಸಾಕಣೆ ಕೊಳದಿಂದ 1990ರ ದಶಕದ ಆರಂಭದಲ್ಲಿ ರಿಷೆಲ್ಯೂ ನದಿಗೆ ತಪ್ಪಿಸಿಕೊಂಡ ಟೆಂಚ್, ಅಲ್ಲಿಂದ ಸೇಂಟ್ ಲಾರೆನ್ಸ್ ನದಿಗೆ ಹರಡಿ ಗ್ರೇಟ್ ಲೇಕ್ಸ್ ಕಡೆಗೆ ಸಾಗಿತು. ಒಂಟಾರಿಯೊ ಪ್ರಾಂತ್ಯ 2022ರಿಂದ ಇದನ್ನು ನಿಷೇಧಿತ ಜೀವಿಗಳ ಪಟ್ಟಿಗೆ ಸೇರಿಸಿದೆ. ಸ್ವಭಾವದಿಂದ ಹೊಂದುವ ಮೀನು ಕಾನೂನಿನಿಂದ ಹೊಂದದೇ ಇರಬಹುದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

(3) ಡೋಜೊ ಲೋಚ್: ಹಾವಿನಂತೆ ಉದ್ದವಾದ, ತಳದ ಕೆಸರಿನಲ್ಲಿ ಹುದುಗುವ ಈ ಏಷ್ಯಾದ ಮೀನು ಚಳಿಯನ್ನೂ ಆಮ್ಲಜನಕದ ಕೊರತೆಯನ್ನೂ ತಾಳುತ್ತದೆ, ಗಾಳಿಯನ್ನು ನುಂಗಿ ಕರುಳಿನ ಮೂಲಕವೂ ಉಸಿರಾಡಬಲ್ಲುದು. ತಪ್ಪಿಸಿಕೊಳ್ಳುವುದರಲ್ಲಿ ಇದು ನಿಪುಣ. ಮಿಷಿಗನ್ ರಾಜ್ಯದ ನೈಸರ್ಗಿಕ ಜಲಮೂಲಗಳಲ್ಲಿ ಈಗಾಗಲೇ ನೆಲೆಗೊಂಡಿದ್ದು, ಹಲವು ಆಡಳಿತಗಳು ಇದರ ಸಾಕಣೆಯನ್ನು ನಿರ್ಬಂಧಿಸಿವೆ.

(4) ಚಾನೆಲ್ ಕ್ಯಾಟ್‌ಫಿಶ್, ಬಾಸ್ ಮತ್ತು ಸನ್‌ಫಿಶ್: ಇವು ಸ್ಥಳೀಯ ಮೀನುಗಳಾದರೂ ಮಾಂಸಾಹಾರಿಗಳು. ಮೊದಲೆರಡು ದೊಡ್ಡದಾದಂತೆ ಗೋಲ್ಡ್‌ಫಿಶ್ ಅನ್ನೇ ನುಂಗುತ್ತವೆ. ಸನ್‌ಫಿಶ್ ಮರಿಗಳನ್ನು ತಿಂದು ದೊಡ್ಡವುಗಳ ರೆಕ್ಕೆ ಕಚ್ಚುತ್ತದೆ.

(5) ಸ್ಟರ್ಜನ್: ತಳದಲ್ಲಿ ನಿಧಾನವಾಗಿ ಆಹಾರ ಹುಡುಕುವ ಈ ಮೀನಿಗೆ ಹೇರಳ ಆಮ್ಲಜನಕ ಮತ್ತು ವಿಶಾಲ ಜಾಗ ಬೇಕು. ಗೋಲ್ಡ್‌ಫಿಶ್‌ಗಳು ಆಹಾರವನ್ನು ಮೊದಲೇ ಮುಗಿಸುವುದರಿಂದ ಇದು ಹಸಿವಿನಿಂದ ಸೊರಗುತ್ತದೆ; ನೂಲಿನಂತಹ ಪಾಚಿಯಲ್ಲಿ ಸಿಕ್ಕಿಕೊಂಡು ಸಾಯುವುದೂ ಉಂಟು.

(6) ಆಮೆ ಮತ್ತು ಸಿಗಡಿ ಜಾತಿಯ ಕ್ರೇಫಿಶ್: ರೆಡ್ ಇಯರ್ಡ್ ಸ್ಲೈಡರ್ ಆಮೆ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಕ್ರೇಫಿಶ್‌ಗಳು ಚಳಿಯಿಂದ ಮಂದವಾಗಿ ತಳದಲ್ಲಿ ವಿಶ್ರಮಿಸುವ ಮೀನುಗಳನ್ನು ಇಕ್ಕಳಗಳಿಂದ ಗಾಯಗೊಳಿಸುತ್ತವೆ. ಒಂಟಿಯಾಗಿಯೇ ಸಂತಾನ ಬೆಳೆಸಬಲ್ಲ ಮಾರ್ಬಲ್ಡ್ ಕ್ರೇಫಿಶ್ ಸಹ ಒಂಟಾರಿಯೊದಲ್ಲಿ ನಿಷೇಧಿತ.

(7) ವಿದೇಶಿ ಬಸವನಹುಳು ಮತ್ತು ಚಿಪ್ಪು ಜೀವಿಗಳು: ಕೊಳ ಶುಚಿಗೊಳಿಸುವುದಾಗಿ ಮಾರಲಾಗುವ ಚೀನೀ ಮೂಲದ ದೊಡ್ಡ ಬಸವನಹುಳುಗಳು ಗ್ರೇಟ್ ಲೇಕ್ಸ್ ಪ್ರದೇಶದಲ್ಲಿ ಆಕ್ರಮಣಕಾರಿಗಳೆನಿಸಿವೆ. ಗಿಡಗಳೊಡನೆಯೂ ಅನಪೇಕ್ಷಿತ ಜೀವಿಗಳು ಬರುತ್ತವೆ. 2021ರಲ್ಲಿ ಅಮೆರಿಕದ ಹಲವು ಸಾಕುಪ್ರಾಣಿ ಅಂಗಡಿಗಳಲ್ಲಿ ಮಾರುತ್ತಿದ್ದ ಪಾಚಿಯ ಉಂಡೆಗಳಲ್ಲಿ ಜೀಬ್ರಾ ಚಿಪ್ಪುಗಳು ಪತ್ತೆಯಾದವು.

7. ಸಂಖ್ಯೆಯ ಲೆಕ್ಕಾಚಾರ

ಕೊಳದ ಉದ್ದ, ಅಗಲ ಮತ್ತು ಸರಾಸರಿ ಆಳವನ್ನು ಮೀಟರಿನಲ್ಲಿ ಗುಣಿಸಿ, ಬಂದ ಮೊತ್ತವನ್ನು 1,000ದಿಂದ ಗುಣಿಸಿದರೆ ನೀರಿನ ಪ್ರಮಾಣ ಲೀಟರಿನಲ್ಲಿ ದೊರೆಯುತ್ತದೆ. ಉದಾಹರಣೆಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, ಸರಾಸರಿ 0.8 ಮೀಟರ್ ಆಳದ ಕೊಳದಲ್ಲಿ 4,800 ಲೀಟರ್ ನೀರಿರುತ್ತದೆ. ಪೂರ್ಣ ಬೆಳೆದ ಒಂದು ಗೋಲ್ಡ್‌ಫಿಶ್‌ಗೆ 200 ಲೀಟರಿನಂತೆ ಲೆಕ್ಕ ಹಿಡಿದರೆ ಗರಿಷ್ಠ 24 ಮೀನುಗಳಾಗುತ್ತವೆ. ಆದರೆ ಪ್ರಾರಂಭದಲ್ಲಿ ಆರು ಅಥವಾ ಎಂಟು ಮೀನುಗಳನ್ನು ಮಾತ್ರ ಬಿಡುವುದು ವಿವೇಕ. ನೀರು 15 ರಿಂದ 20 ಡಿಗ್ರಿಗೆ ಬೆಚ್ಚಗಾದಾಗ ಗೋಲ್ಡ್‌ಫಿಶ್‌ಗಳು ಮೊಟ್ಟೆಯಿಡುತ್ತವೆ. ಒಂದು ಹೆಣ್ಣು ಮೀನು ಒಂದು ಋತುವಿನಲ್ಲಿ ಸಾವಿರಾರು ಮೊಟ್ಟೆಗಳನ್ನು ಇಡಬಲ್ಲುದು. ಬೇರೆ ಜಾತಿಯನ್ನು ತರದಿದ್ದರೂ ಕೊಳ ತಾನಾಗಿಯೇ ತುಂಬುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

8. ಹೊಸ ಮೀನನ್ನು ಸೇರಿಸುವ ಕ್ರಮ

• ವಸಂತದ ಕೊನೆಯಲ್ಲಿ, ನೀರು ಸ್ಥಿರವಾಗಿ 15 ಡಿಗ್ರಿ ದಾಟಿದ ನಂತರವೇ ಹೊಸ ಮೀನುಗಳನ್ನು ಬಿಡುವುದು. ಮೀನಿನ ತ್ಯಾಜ್ಯವಾದ ಅಮೋನಿಯವನ್ನು ಪರಿವರ್ತಿಸುವ ಬ್ಯಾಕ್ಟೀರಿಯಗಳು 10 ಡಿಗ್ರಿಗಿಂತ ಕೆಳಗೆ ಬಹಳ ಮಂದವಾಗುವುದರಿಂದ ಶರತ್ಕಾಲದಲ್ಲಿ ಹೊಸ ಮೀನು ಸೇರಿಸುವುದು ಸರಿಯಲ್ಲ.
• ಕೊಳಕ್ಕೆ ಬಿಡುವ ಮುನ್ನ ಕನಿಷ್ಠ ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇರಿಸುವುದು. ಈ ತೊಟ್ಟಿಯ ನೀರು ಬೆಚ್ಚಗಿರಬೇಕು. ಬಿಳಿ ಚುಕ್ಕೆ ರೋಗದ ಪರಾವಲಂಬಿ ಜೀವಿ 24 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ತನ್ನ ಜೀವನಚಕ್ರ ಮುಗಿಸುತ್ತದೆ. 7 ಡಿಗ್ರಿಯಲ್ಲಿ ಐದು ವಾರಗಳಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ತಣ್ಣೀರಿನಲ್ಲಿ ಇಟ್ಟು ರೋಗವಿಲ್ಲವೆಂದು ತೀರ್ಮಾನಿಸಿದರೆ ರೋಗ ಅಡಗಿಯೇ ಇರುತ್ತದೆ.
• ಪ್ರತ್ಯೇಕ ತೊಟ್ಟಿಗೆ ಬಳಸಿದ ಬಲೆ, ಬಕೆಟ್‌ಗಳನ್ನು ಕೊಳಕ್ಕೆ ಬಳಸಕೂಡದು.
• ನೀರು 10 ಡಿಗ್ರಿಗಿಂತ ಕೆಳಗೆ ಇಳಿದಾಗ ಆಹಾರ ನೀಡುವುದನ್ನು ನಿಲ್ಲಿಸುವುದು. ಜೀರ್ಣವಾಗದ ಹಾಗೂ ತಿನ್ನದೆ ಉಳಿದ ಆಹಾರ ಎರಡೂ ಹಾನಿಕರ.

9. ಕೊಳದಾಚೆಗಿನ ಹೊಣೆಗಾರಿಕೆ

ಸಾಕಲಾಗದ ಮೀನನ್ನು ಹತ್ತಿರದ ಸರೋವರಕ್ಕೆ ಬಿಡುವುದು ದಯೆಯ ಕಾರ್ಯವೆಂದು ಹಲವರು ನಂಬುತ್ತಾರೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಮಂಜುಗಡ್ಡೆಯ ಅಡಿಯಲ್ಲಿ ಬದುಕಲು ಗೋಲ್ಡ್‌ಫಿಶ್‌ಗೆ ನೆರವಾಗುವ ಗುಣವೇ ಸರೋವರಗಳಿಗೆ ಶಾಪವಾಗುತ್ತದೆ. ಇತರ ಮೀನುಗಳು ಸಾಯುವ ಕಠಿಣ ಚಳಿಗಾಲವನ್ನೂ ಅದು ದಾಟುತ್ತದೆ. ತಳವನ್ನು ಕೆದಕಿ ನೀರನ್ನು ಕದಡುತ್ತದೆ, ಗಿಡಗಳನ್ನು ಬುಡಮೇಲು ಮಾಡುತ್ತದೆ, ಸ್ಥಳೀಯ ಮೀನುಗಳ ಮೊಟ್ಟೆಗಳನ್ನು ತಿನ್ನುತ್ತದೆ.

2021ರಲ್ಲಿ ಮಿನ್ನೆಸೋಟದ ಬರ್ನ್ಸ್‌ವಿಲ್ ನಗರದ ಕೆಲ್ಲರ್ ಸರೋವರದಲ್ಲಿ ಅಂಗೈಗೂ ಮೀರಿ ಬೆಳೆದ ಗೋಲ್ಡ್‌ಫಿಶ್‌ಗಳು ದೊರೆತವು. ಸಾಕುಮೀನುಗಳನ್ನು ಸರೋವರಕ್ಕೆ ಬಿಡಬಾರದೆಂದು ನಗರಾಡಳಿತ ಸಾರ್ವಜನಿಕವಾಗಿ ವಿನಂತಿಸಿತು. ಅದೇ ರಾಜ್ಯದ ಕಾರ್ವರ್ ಕೌಂಟಿಯ ಜಲಮೂಲಗಳಿಂದ ಹತ್ತಾರು ಸಾವಿರ ಗೋಲ್ಡ್‌ಫಿಶ್‌ಗಳನ್ನು ಹೊರತೆಗೆಯಬೇಕಾಯಿತು. ಒಂಟಾರಿಯೊದ ಹ್ಯಾಮಿಲ್ಟನ್ ಬಂದರಿನಲ್ಲಿ ಇವುಗಳ ಚಲನವಲನ ಅರಿಯಲು ಕೆನಡಾದ ಸಂಶೋಧಕರು ಮೀನುಗಳ ದೇಹಕ್ಕೆ ಸಂಕೇತ ಸಾಧನಗಳನ್ನು ಅಳವಡಿಸಿ ಅಧ್ಯಯನ ನಡೆಸಿದ್ದಾರೆ. ಮಿನ್ನೆಸೋಟದ ನಿಯಮದಂತೆ ಗೋಲ್ಡ್‌ಫಿಶ್ ಅನ್ನು ಕೊಳ್ಳಲು, ಸಾಕಲು ಅವಕಾಶವಿದೆ. ಸಾರ್ವಜನಿಕ ಜಲಮೂಲಕ್ಕೆ ಬಿಡಲು ಅವಕಾಶವಿಲ್ಲ.

ಹೆಚ್ಚುವರಿ ಮೀನುಗಳನ್ನು ಕೊಂಡ ಅಂಗಡಿಗೆ ಹಿಂದಿರುಗಿಸುವುದು, ಇತರ ಸಾಕಣೆದಾರರಿಗೆ ನೀಡುವುದು ಅಥವಾ ಶಾಲೆಯ ತೊಟ್ಟಿಗೆ ಒಪ್ಪಿಸುವುದು ಸರಿಯಾದ ಮಾರ್ಗಗಳು. ಇವು ಸಾಧ್ಯವಾಗದಿದ್ದಲ್ಲಿ ನೋವಿಲ್ಲದ ಅಂತ್ಯಕ್ಕಾಗಿ ಪಶುವೈದ್ಯರ ಸಲಹೆ ಪಡೆಯತಕ್ಕದ್ದು. ಮಳೆನೀರು ಹರಿಯುವ ಬಡಾವಣೆಯ ಹೊಂಡವೂ ಬಹುತೇಕ ಸರೋವರಕ್ಕೆ ಸಂಪರ್ಕ ಹೊಂದಿರುವುದರಿಂದ ಅಲ್ಲಿಯೂ ಬಿಡಕೂಡದು.

10. ಅನುಮತಿಗೆ ಅರ್ಜಿ ಸಲ್ಲಿಸುವ ಮುನ್ನ

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ನಗರದಿಂದ ನಗರಕ್ಕೆ ಭಿನ್ನವಾಗಿರುತ್ತವೆ. ಅರ್ಜಿದಾರರು ಈ ಕೆಳಕಂಡ ವಿವರಗಳನ್ನು ಸಿದ್ಧಪಡಿಸಿಕೊಂಡಿದ್ದರೆ ವಿಳಂಬ ತಪ್ಪುತ್ತದೆ.

• ಸಾಕಬಯಸುವ ಪ್ರತಿಯೊಂದು ಜೀವಿಯ ವೈಜ್ಞಾನಿಕ ಹೆಸರು ಮತ್ತು ಸಂಖ್ಯೆ. ಅಂಗಡಿಯ ಹೆಸರು ಸಾಲದು. ಒಂದೇ ವ್ಯಾಪಾರಿ ಹೆಸರಿನಲ್ಲಿ ಬೇರೆ ಬೇರೆ ಜಾತಿಗಳು ಮಾರಾಟವಾಗುತ್ತವೆ. ನಿಷೇಧಿತ ಪಟ್ಟಿಗಳೂ ವೈಜ್ಞಾನಿಕ ಹೆಸರನ್ನೇ ಆಧರಿಸಿರುತ್ತವೆ.
• ಕೊಳದ ಅಳತೆ, ಆಳ ಮತ್ತು ನೀರಿನ ಪ್ರಮಾಣ.
• ಸಮೀಪದ ಹೊಳೆ, ಚರಂಡಿ ಅಥವಾ ಸರೋವರಕ್ಕಿರುವ ದೂರ. ಮಳೆಗಾಲದಲ್ಲಿ ಉಕ್ಕಿದ ನೀರು ಹರಿಯುವ ದಿಕ್ಕು. ಮೀನು ಹೊರಹೋಗದಂತೆ ಅಳವಡಿಸಿದ ಜಾಲರಿಯ ವಿವರ.
• ಮೀನು ಖರೀದಿಸಿದ ರಸೀದಿ.
• ಬೇಲಿಯ ವಿವರ. ಸುಮಾರು 60 ಸೆಂ.ಮೀ.ಗಿಂತ ಆಳವಾದ ಕೊಳಕ್ಕೆ ಬೇಲಿ ಇರಬೇಕೆಂದು ಹಲವು ನಗರಾಡಳಿತಗಳು ವಿಧಿಸುತ್ತವೆ. ಚಳಿಗಾಲಕ್ಕೆ ಬೇಕಾದ ಆಳ ಅದಕ್ಕಿಂತ ಹೆಚ್ಚಾದುದರಿಂದ ಈ ಅಂಶ ಬಹುತೇಕ ಎಲ್ಲರಿಗೂ ಅನ್ವಯವಾಗುತ್ತದೆ.

ಅಗೆಯುವ ಮುನ್ನ ನೆಲದಡಿಯ ವಿದ್ಯುತ್ ಹಾಗೂ ಅನಿಲ ಕೊಳವೆಗಳ ಸ್ಥಾನ ಗುರುತಿಸಿಕೊಳ್ಳುವುದು ಅತ್ಯಗತ್ಯ. ಅಮೆರಿಕದಲ್ಲಿ ಇದಕ್ಕಾಗಿ 811 ಸಂಖ್ಯೆಗೆ ಕರೆ ಮಾಡಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಾಚಿಯ ನಿಯಂತ್ರಣಕ್ಕೆ ಯಾವ ಮೀನನ್ನು ಬಿಡಬಹುದು?
ಉತ್ತರ: ಶೀತ ಕೊಳದಲ್ಲಿ ಈ ಕೆಲಸಕ್ಕೆ ನಂಬಬಹುದಾದ ಮೀನು ಇಲ್ಲ. ಮೀನು ಹೆಚ್ಚಿದಷ್ಟೂ ತ್ಯಾಜ್ಯ ಹೆಚ್ಚಿ ಪಾಚಿಯೂ ಹೆಚ್ಚುತ್ತದೆ. ಆಹಾರ ಕಡಿಮೆ ಮಾಡುವುದು, ನೆರಳು ಒದಗಿಸುವುದು, ಸ್ಥಳೀಯ ಜಲಸಸ್ಯ ಬೆಳೆಸುವುದು ಪರಿಣಾಮಕಾರಿ.

ಪ್ರಶ್ನೆ: ಒಂದೇ ಗೋಲ್ಡ್‌ಫಿಶ್ ಸಾಕಬಹುದೇ?
ಉತ್ತರ: ಇದು ಗುಂಪಿನಲ್ಲಿ ಇರಬಯಸುವ ಮೀನು. ಕನಿಷ್ಠ ಎರಡು ಮೂರು ಇರುವುದು ಒಳ್ಳೆಯದು.

ಪ್ರಶ್ನೆ: ಆಳವಿಲ್ಲದ ಕೊಳವಿದ್ದರೆ ಏನು ಮಾಡಬೇಕು?
ಉತ್ತರ: ಶರತ್ಕಾಲದಲ್ಲಿ, ನೀರು 10 ಡಿಗ್ರಿಗೆ ಇಳಿಯುವ ಮುನ್ನ, ಎಲ್ಲ ಮೀನುಗಳನ್ನು ನೆಲಮಾಳಿಗೆಯಂತಹ ತಂಪಾದ ಜಾಗದಲ್ಲಿರುವ ದೊಡ್ಡ ತೊಟ್ಟಿಗೆ ಸ್ಥಳಾಂತರಿಸಬೇಕು. ತೊಟ್ಟಿಗೆ ಶೋಧಕ ಮತ್ತು ಗಾಳಿಯ ವ್ಯವಸ್ಥೆ ಇರಬೇಕು.

ಪ್ರಶ್ನೆ: ಚಳಿಗಾಲದಲ್ಲಿ ಮೀನು ತಳದಲ್ಲಿ ಅಲುಗದೆ ಇದ್ದರೆ ಸತ್ತಿದೆ ಎಂದು ತಿಳಿಯಬೇಕೇ?
ಉತ್ತರ: ಇಲ್ಲ. ಅದು ಸಹಜ ಸ್ಥಿತಿ. ಕೋಲಿನಿಂದ ಕದಲಿಸಿದರೆ ಅದರ ಶಕ್ತಿ ವ್ಯಯವಾಗುತ್ತದೆ. ಪಕ್ಕಕ್ಕೆ ವಾಲಿ ಮೇಲೆ ತೇಲುವ ಮೀನನ್ನು ಮಾತ್ರ ಕೂಡಲೇ ಹೊರತೆಗೆದು ಪರೀಕ್ಷಿಸಬೇಕು.

12. ಸಾರಾಂಶ

ಶೀತ ಪ್ರದೇಶದ ಕೊಳದಲ್ಲಿ ಜೊತೆ ಮೀನಿನ ಆಯ್ಕೆಯನ್ನು ಬೇಸಿಗೆಯ ಅಂದವನ್ನು ನೋಡಿ ನಿರ್ಧರಿಸದೆ ಫೆಬ್ರವರಿ ತಿಂಗಳ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಧರಿಸತಕ್ಕದ್ದು. ಚಳಿ ತಾಳುವ, ಕಡಿಮೆ ಉಸಿರಿನಲ್ಲಿ ಬದುಕುವ, ಪರಸ್ಪರ ನುಂಗದ, ಹೊರಗಿನ ನೀರಿಗೆ ಹಾನಿ ಮಾಡದ ಜೀವಿಗಳ ಪಟ್ಟಿ ಚಿಕ್ಕದು. ಆ ಪಟ್ಟಿಯ ಮೊದಲ ಹೆಸರು ಮತ್ತೊಂದು ಗೋಲ್ಡ್‌ಫಿಶ್‌ನದೇ. ಸಂದೇಹ ಉಂಟಾದಲ್ಲಿ ಹೊಸ ಮೀನನ್ನು ತರುವ ಮೊದಲು ಸ್ಥಳೀಯ ಮೀನುಗಾರಿಕೆ ಅಥವಾ ನೈಸರ್ಗಿಕ ಸಂಪನ್ಮೂಲ ಕಚೇರಿಯನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.